ಪಿತ್ತಕೋಶದ ಶೂಲೆಯೂ ಶಕ್ತ್ಯನುಸಾರ ತಪವೂ

ಪರ್ವದಿನಗಳು ಸಮೀಪಿಸಿದಾಗ ನಮ್ಮ ಮನೆಗಳಲ್ಲಿ ಒಂದು ಸಂದೇಹ ತಲೆದೋರುವುದುಂಟು. ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ವೈದ್ಯರು ತಿಳಿಸಿದ್ದಾರೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೂ ಇನ್ನೂ ಕೆಲವು ವಾರಗಳು ಉಳಿದಿವೆ. ಅಷ್ಟರಲ್ಲಿ ದಶಲಕ್ಷಣ ಪರ್ವ ಬರುತ್ತದೆ, ಅನಂತನ ನೋಂಪಿ ಬರುತ್ತದೆ. ಉಪವಾಸ ಮಾಡಬಹುದೇ? ರಾತ್ರಿ ಶೂಲೆ ಎದ್ದರೆ ಮದ್ದು ಸೇವಿಸಬಹುದೇ? ವ್ರತಭಂಗವಾದೀತೆಂಬ ಅಂಜಿಕೆಯಿಂದ ನೋವನ್ನು ಮನೆಯವರಿಗೂ ಹೇಳದೆ ಬೆಳಗಿನವರೆಗೆ ನುಂಗಿಕೊಳ್ಳುವ ತಾಯಂದಿರು ಉಂಟು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ರೋಗದ ಸ್ವರೂಪ

ಪಿತ್ತಕೋಶವು ಯಕೃತ್ತಿನ ಕೆಳಗೆ, ಬಲಭಾಗದಲ್ಲಿರುವ ಒಂದು ಸಣ್ಣ ಚೀಲ. ಯಕೃತ್ತು ಸ್ರವಿಸಿದ ಪಿತ್ತರಸವನ್ನು ಇದು ಕೂಡಿಟ್ಟುಕೊಂಡು, ಜಿಡ್ಡಿನ ಆಹಾರವು ಕರುಳನ್ನು ಸೇರಿದೊಡನೆ ಸಂಕುಚಿಸಿ ಆ ರಸವನ್ನು ಹೊರದೂಡುತ್ತದೆ. ಹೀಗೆ ಸಂಕುಚಿಸುವಾಗ ಒಳಗಿನ ಕಲ್ಲೊಂದು ನಾಳದ ಬಾಯಿಗೆ ಸಿಲುಕಿದರೆ ಶೂಲೆ ಹುಟ್ಟುತ್ತದೆ. ನೋವು ಹೊಟ್ಟೆಯ ಮೇಲ್ಭಾಗದ ನಡುವಿನಲ್ಲಿ ಅಥವಾ ಬಲಪಕ್ಕದಲ್ಲಿ ಕಾಣಿಸಿಕೊಂಡು, ಬೆನ್ನಿಗೂ ಬಲಹೆಗಲಿಗೂ ಹರಿಯಬಹುದು. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಇದ್ದು ತಾನಾಗಿ ಇಳಿಯುವುದು ಸಾಮಾನ್ಯ. ರಾತ್ರಿಯಲ್ಲಿ ಬರುವುದು ಹೆಚ್ಚು. ಜನರು ಇದನ್ನು ಬರಿಯ ‘ಪಿತ್ತ’ವೆಂದೋ ವಾಯುವೆಂದೋ ಭಾವಿಸಿ, ಲಂಘನವೇ ಮದ್ದೆಂದು ನಂಬಿ ಕಾಲ ಕಳೆಯುತ್ತಾರೆ.

ಉಪವಾಸ ಮತ್ತು ಪಾರಣೆ

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಒಂದು: ಬಹುದಿನ ನಿರಾಹಾರವಾಗಿದ್ದರೆ ಪಿತ್ತಕೋಶ ಬರಿದಾಗದೆ, ಪಿತ್ತರಸವು ಅಲ್ಲಿಯೇ ನಿಂತು ಗಟ್ಟಿಯಾಗುತ್ತದೆ. ದೇಹ ಬೇಗಬೇಗನೆ ಕೃಶವಾದರೆ ಹೊಸ ಕಲ್ಲುಗಳು ಹುಟ್ಟುವ ಸಂಭವವೂ ಹೆಚ್ಚು. ಎರಡು: ಉಪವಾಸ ಮುಗಿದ ಮರುದಿನ ತುಪ್ಪ ಸುರಿದ ಹೋಳಿಗೆ, ಕರಿದ ತಿಂಡಿ, ತೆಂಗಿನ ಹಾಲಿನ ಪಾಯಸಗಳಿಂದ ಪಾರಣೆ ಮಾಡಿದರೆ ಪಿತ್ತಕೋಶವು ಒಮ್ಮೆಲೇ ಬಲವಾಗಿ ಸಂಕುಚಿಸಿ ಶೂಲೆಗೆ ದಾರಿಯಾಗುತ್ತದೆ. ಹೀಗೆ ದೀರ್ಘ ಉಪವಾಸವೂ ಭರ್ಜರಿ ಪಾರಣೆಯೂ ಈ ರೋಗಿಗೆ ಸಮಾನವಾಗಿ ಅಹಿತ.

ಹಾಗಾದರೆ ತಪಸ್ಸಿನ ಮಾರ್ಗವೇ ಮುಚ್ಚಿತೇ? ಇಲ್ಲ. ಬಾಹ್ಯ ತಪಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬ ಉಣ್ಣದಿರುವುದು ಅವಮೌದರ್ಯ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪುಗಳಲ್ಲಿ ಕೆಲವನ್ನಾದರೂ ಬಿಡುವುದು ರಸಪರಿತ್ಯಾಗ. ಪಿತ್ತಕೋಶದ ರೋಗಿಗೆ ವೈದ್ಯರು ವಿಧಿಸುವ ಪಥ್ಯ ಇದಕ್ಕೆ ಬಹಳ ಸಮೀಪವಾದುದು. ಅಕ್ಕಿಯ ಗಂಜಿ, ಒಗ್ಗರಣೆಯಿಲ್ಲದ ಹೆಸರುಬೇಳೆಯ ತೊವ್ವೆ, ಬೇಯಿಸಿದ ಸೋರೆ, ಹೀರೆ, ಪಡುವಲ, ಎಣ್ಣೆ ಸವರದ ಚಪಾತಿ, ಕೆನೆ ತೆಗೆದ ಮಜ್ಜಿಗೆ: ಇವನ್ನು ಮಿತವಾಗಿ ಉಂಡು, ತುಪ್ಪ ಎಣ್ಣೆಗಳನ್ನು ನಿಯಮಪೂರ್ವಕ ತ್ಯಜಿಸಿದರೆ ಪಥ್ಯವೂ ಆಯಿತು, ತಪವೂ ಆಯಿತು. ಸಂಜೆಯ ಊಟವನ್ನು ಸೂರ್ಯಾಸ್ತದ ಅವಸರದಲ್ಲಿ ಭಾರವಾಗಿ ಮಾಡದೆ, ಸ್ವಲ್ಪ ಮೊದಲೇ ಲಘುವಾಗಿ ಮುಗಿಸುವುದು ಲೇಸು.

ಶಾಸ್ತ್ರದ ನಿಲುವು

ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ‘ಶಕ್ತಿಗೆ ತಕ್ಕಂತೆ’ ಎಂಬ ಮಿತಿಯನ್ನು ಆಚಾರ್ಯರು ಕೂಡಿಸಿಯೇ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಯಾವಜ್ಜೀವ ಪಾಲಿಸತಕ್ಕದ್ದನ್ನು ಯಮವೆಂದೂ ವಿಂಗಡಿಸಿದರು. ರೋಗಿಯು ಚಿಕಿತ್ಸೆಯ ದಿನದವರೆಗೆಂದು ಅವಧಿ ಹೇಳಿ ನಿಯಮ ಹಿಡಿಯುವುದು ಯೋಗ್ಯ. ರಾತ್ರಿ ಔಷಧ ಮತ್ತು ನೀರಿನ ವಿಷಯವನ್ನು ವ್ರತ ಸ್ವೀಕರಿಸುವ ಮೊದಲೇ ಗುರುಗಳಲ್ಲಿ ಅರಿಕೆ ಮಾಡಿ, ಅದನ್ನು ಬಿಟ್ಟು ಉಳಿದುದಕ್ಕೆ ಸಂಕಲ್ಪ ಮಾಡಿದರೆ ನಡುರಾತ್ರಿ ಧರ್ಮಸಂಕಟ ಉಂಟಾಗದು.

ಇದೇ ಸಮಂತಭದ್ರರ ವಿಷಯದಲ್ಲಿ ಪರಂಪರೆ ಹೇಳುವ ಕಥೆಯನ್ನು ಎಲ್ಲರೂ ಬಲ್ಲರು. ಭಸ್ಮಕ ವ್ಯಾಧಿ ಬಾಧಿಸಿದಾಗ ಅವರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು, ಗುರುಗಳು ಕೊಡಲಿಲ್ಲ. ವ್ಯಾಧಿಯನ್ನು ಶಮನಗೊಳಿಸಿ ಪುನಃ ದೀಕ್ಷೆ ಹೊಂದೆಂದು ಆಜ್ಞಾಪಿಸಿದರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಮಾರ್ಗವೆಂದು ಇದರಿಂದ ತಿಳಿಯುತ್ತದೆ. ಪಿತ್ತಕೋಶದ ಕಲ್ಲಿಗೆ ಪ್ರತೀಕಾರ ಉಂಟು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆಯಿಂದ ಅದನ್ನು ಸಾಧಿಸಿದರು. ಪಿತ್ತಕೋಶವಿಲ್ಲದೆಯೂ ಮನುಷ್ಯನು ಸುಖವಾಗಿ ಬಾಳಬಲ್ಲನು.

ಶೂಲೆ ಎದ್ದಾಗ

ಮೊದಲು ಮನೆಯವರನ್ನು ಎಬ್ಬಿಸಿ, ವೇಳೆಯನ್ನು ಗುರುತು ಮಾಡಿಕೊಳ್ಳಬೇಕು. ಏನನ್ನೂ ತಿನ್ನಬಾರದು. ವೈದ್ಯರು ಮೊದಲೇ ಸೂಚಿಸಿದ ನೋವಿನ ಮದ್ದನ್ನು ಮಾತ್ರ, ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು. ನೆರೆಯವರ ಗುಳಿಗೆ ಬೇಡ. ಅನೇಕ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯವಾದ ಜೆಲಟಿನ್ನಿನದು. ಬದಲಿಗೆ ಮಾತ್ರೆ ದೊರೆಯುವುದೇ ಎಂದು ಮುಂಚಿತವಾಗಿ ಕೇಳಿಟ್ಟುಕೊಳ್ಳಬಹುದು. ಬಿಸಿನೀರಿನ ಶಾಖ ಕೆಲವರಿಗೆ ಹಿತವೆನಿಸುತ್ತದೆ, ಆದರೆ ಅದು ಚಿಕಿತ್ಸೆಯಲ್ಲ.

ನೋವು ಕೆಲವು ಗಂಟೆಗಳಲ್ಲಿ ಇಳಿಯದಿದ್ದರೆ, ಚಳಿಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಪಿತ್ತಕೋಶದ ಉರಿಯೂತ, ನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಊತ ಇವು ಪ್ರಾಣಕ್ಕೆ ಅಪಾಯಕರ. ಎದೆ ಬಿಗಿದು ಬೆವರು ಬಂದರೆ ಹೃದಯದ ವ್ಯಾಧಿಯೂ ಆಗಿರಬಹುದು. ಆಗಂತೂ ಕ್ಷಣವೂ ತಡಮಾಡಬಾರದು.

ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಅದನ್ನು ಗೆಲ್ಲುವುದೆಂದರೆ ಮದ್ದನ್ನು ನಿರಾಕರಿಸುವುದೆಂದು ಗೃಹಸ್ಥನು ತಿಳಿಯಬಾರದು. ವೇದನೆಯನ್ನೇ ಮತ್ತೆಮತ್ತೆ ಚಿಂತಿಸಿ ಹಲುಬುವುದು ಆರ್ತಧ್ಯಾನ. ಅಸಾತಾ ವೇದನೀಯದ ಉದಯವಿದೆಂದರಿತು, ಪಂಚನಮಸ್ಕಾರವನ್ನು ಸ್ಮರಿಸುತ್ತ, ಮಾಡತಕ್ಕ ಚಿಕಿತ್ಸೆಯನ್ನು ಮಾಡಿಕೊಂಡು ಸಮಭಾವದಿಂದಿರುವುದೇ ಜಯ. ರೋಗಿಯ ಬಳಿ ಎಚ್ಚರವಿದ್ದು ಕಾಯುವ ಮಗನಿಗೆ, ಸೊಸೆಗೆ ಆ ರಾತ್ರಿ ವೈಯಾವೃತ್ಯದ ಪುಣ್ಯ ಲಭಿಸುತ್ತದೆ.

ಮನನಕ್ಕೆ

1. ಪಾರಣೆಯ ದಿನ ನಮ್ಮ ಅಡಿಗೆಯಲ್ಲಿ ಎಷ್ಟು ತುಪ್ಪ ಎಣ್ಣೆ ಬಳಕೆಯಾಗುತ್ತದೆ?
2. ಮನೆಯ ಹಿರಿಯರ ವ್ರತದಲ್ಲಿ ಔಷಧಕ್ಕೆ ಅವಕಾಶವಿರಿಸಿದೆಯೇ?
3. ಅನಶನವನ್ನು ಬಿಟ್ಟು ಉಳಿದ ಐದು ಬಾಹ್ಯ ತಪಗಳಲ್ಲಿ ರೋಗಿಗೆ ಶಕ್ಯವಾದವು ಯಾವುವು?