ಪಂಜರದೊಳಗಿನ ಅಮಾನತು



ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ ನಾನು ಮಕ್ಕಳಿಗೆ ಕುರ್‌ಆನ್ ಕಲಿಸುತ್ತೇನೆ. ಒಂದು ಸಂಜೆ ಪುಟ್ಟ ಹುಡುಗಿಯೊಬ್ಬಳು ತನ್ನ ಗಿನಿಪಿಗ್ಗನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಳು. ಅದರ ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟಿತ್ತು. "ಹಜ್ರತ್, ಅಬ್ಬಾ ಇದನ್ನು ಗದ್ದೆಯಲ್ಲಿ ಬಿಟ್ಟು ಬಾ ಅಂತಾರೆ. ಬಿಟ್ಟರೆ ಗುನಾಹ್ ಆಗುತ್ತಾ?" ಎಂದು ಕೇಳಿದಳು.

ಹೆಸರು ಕೇಳಿ ಕೆಲವರು ಹಿಂಜರಿಯುತ್ತಾರೆ. ಇದು ಹಂದಿಯಲ್ಲ. ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ಹುಲ್ಲು ತಿನ್ನುವ ಸಾಧು ಪ್ರಾಣಿ.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಹೆಂಗಸು ನರಕಕ್ಕೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆಕೆ ಅದಕ್ಕೆ ತಿನ್ನಲು ಕೊಡಲಿಲ್ಲ, ತಾನೇ ಹುಡುಕಿಕೊಂಡು ತಿನ್ನಲೂ ಬಿಡಲಿಲ್ಲ. ಇದರಲ್ಲಿ ನಮಗೆ ಪಾಠವಿದೆ. ನಾವು ಪಂಜರದಲ್ಲಿಟ್ಟ ಜೀವಿಗೆ ನಮ್ಮ ಹೊರತು ಬೇರೆ ಆಸರೆಯಿಲ್ಲ. ಅದರ ಹಸಿವು ನಮ್ಮ ಹೊಣೆಯಾದಂತೆ ಅದರ ರೋಗವೂ ನಮ್ಮ ಹೊಣೆ. ಮನೆಯಲ್ಲಿ ಬೆಳೆದದ್ದನ್ನು ಗದ್ದೆಗೆ ಬಿಡುವುದು ಬಿಡುಗಡೆಯಲ್ಲ, ನಾಯಿ-ಕಾಗೆಗಳ ಬಾಯಿಗೆ ಒಪ್ಪಿಸುವುದು.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಗಿನಿಪಿಗ್ಗಿನ ಕುತ್ತಿಗೆಯ ಗಂಟು ಅನೇಕ ಸಲ ಕೀವು ತುಂಬಿದ ಬಾವು. ಬೆನ್ನಿನ ಮೇಲಿನದು ಹೆಚ್ಚಾಗಿ ಕೂದಲ ಬುಡದಲ್ಲಿ ಬೆಳೆಯುವ, ಅಪಾಯವಿಲ್ಲದ ಗಡ್ಡೆ. ಸ್ತನದ ಗಡ್ಡೆ ಗಂಡಿನಲ್ಲೂ ಬರುತ್ತದೆ, ಅದು ಕೆಟ್ಟದ್ದಾಗಿರಬಹುದು. ಸಾಕುವ ಬಿಳಿ ಇಲಿಯ ಆಯಸ್ಸು 2-3 ವರ್ಷ. ಹೆಣ್ಣಿಲಿಗೆ ಸ್ತನದ ಗಡ್ಡೆ ತೀರಾ ಸಾಮಾನ್ಯ. ಬಹುಪಾಲು ಕ್ಯಾನ್ಸರ್ ಅಲ್ಲದಿದ್ದರೂ, ನಡೆಯಲಾಗದಷ್ಟು ದೊಡ್ಡದಾಗಿ ಬೆಳೆಯುತ್ತದೆ. ಯಾವ ಗಂಟು ಎಂಥದೆಂದು ಪಶುವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಚಿಕ್ಕದಿರುವಾಗ ಕತ್ತರಿಸಿ ತೆಗೆಯುವುದು ಸುಲಭ.

ಆದ್ದರಿಂದ ಮೂರು ವಿಷಯ ನೆನಪಿಡಿ:

1. ವಾರಕ್ಕೊಮ್ಮೆ ಪ್ರಾಣಿಯನ್ನು ಮಡಿಲಲ್ಲಿಟ್ಟು ಕುತ್ತಿಗೆಯಿಂದ ತೊಡೆಯ ಸಂದಿನವರೆಗೆ ಮೆಲ್ಲಗೆ ಸವರಿ ನೋಡಿ.

2. ಗಂಟನ್ನು ಹಿಸುಕಬೇಡಿ, ಚುಚ್ಚಬೇಡಿ.

3. ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ನಾವು ನುಂಗುವ ಅಮಾಕ್ಸಿಸಿಲಿನ್ ಗಿನಿಪಿಗ್ ಮತ್ತು ಹ್ಯಾಮ್‌ಸ್ಟರ್‌ಗಳ ಕರುಳನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು.

"ಕೆಲವು ನೂರರ ಪ್ರಾಣಿಗೆ ಸಾವಿರಗಳ ಖರ್ಚೇ?" ಎಂದು ಆ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಾಹನು ಯಾರ ಮೇಲೂ ಶಕ್ತಿ ಮೀರಿದ ಭಾರ ಹೊರಿಸುವುದಿಲ್ಲ. ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿಲ್ಲ. ಆದರೆ ಒಮ್ಮೆ ವೈದ್ಯರಿಗೆ ತೋರಿಸುವುದು, ಮೇವು, ನೀರು, ಒಣಗಿದ ಹಾಸು, ನೋವಿಗೆ ಅವರು ಬರೆದ ಔಷಧಿ ಇವು ಬಡವನ ಕೈಗೂ ಎಟುಕುತ್ತವೆ. ವಾಸಿಯಾಗದೆ ನರಳುವ ಪ್ರಾಣಿಯ ಜೀವ ತೆಗೆಯಬಹುದೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ನಿಮ್ಮ ಆಲಿಮರನ್ನು ಕೇಳಿ ನಡೆದುಕೊಳ್ಳಿ.

ತಂದೆ ಮರುದಿನವೇ ಮೈಸೂರಿಗೆ ಕರೆದೊಯ್ದರು. ಆದರೆ ತಡವಾಗಿತ್ತು. ಮೂರು ವಾರ ಆ ಹುಡುಗಿ ಹುಲ್ಲು ಬಿಡಿಸಿ ತಿನ್ನಿಸಿದಳು. ಬಳಿಕ ಅದು ಸತ್ತಿತು. "ಇಲಿಗೆ ಯಾರಾದರೂ ಅಳುತ್ತಾರೆಯೇ" ಎಂದು ನೆರೆಯವರು ನಕ್ಕರು.

ಅನಸ್(ರ)ರ ತಮ್ಮ, ಬಾಲಕ ಅಬೂ ಉಮೈರ್ ಸಾಕಿದ್ದ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ನಗಲಿಲ್ಲ. ಅವನ ಹಕ್ಕಿಯ ಹೆಸರೆತ್ತಿ ಅಕ್ಕರೆಯಿಂದ ಮಾತನಾಡಿಸಿದರು. ಮಗುವಿನ ದುಃಖ ಅವರಿಗೆ ಚಿಕ್ಕದೆನಿಸಲಿಲ್ಲ. ಈ ಘಟನೆಯನ್ನು ಹೇಳಿದಾಗ ಹುಡುಗಿ ಕಣ್ಣೊರೆಸಿಕೊಂಡಳು. ತಂದೆ ತಲೆತಗ್ಗಿಸಿ ಕುಳಿತಿದ್ದರು.

ಪಂಜರ ಕೊಳ್ಳುವ ಮುನ್ನ ಯೋಚಿಸಿರಿ. ಕೊಂಡ ಮೇಲೆ ಕೈಬಿಡಬೇಡಿರಿ. ಮೂಕ ಜೀವಿಗಳ ಹಕ್ಕನ್ನು ನೆರವೇರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.