ಬಾವಿಯ ನೀರಿಗೆ ಯಾವ ನಕ್ಷೆ, ಯಾವ ಗ್ರಾಫು?



ಅಂತರ್ಜಲದ ಮಾತು ಬಂದಾಗ ಸಭೆಗಳಲ್ಲಿ ಬಣ್ಣದ ನಕ್ಷೆಯೊಂದನ್ನು ಗೋಡೆಗೆ ತೂಗುಹಾಕುವುದುಂಟು. ಒಂದು ತಾಲ್ಲೂಕಿಗೆ ಕೆಂಪು, ಪಕ್ಕದ್ದಕ್ಕೆ ಹಸಿರು. ತಾಲ್ಲೂಕುಗಳನ್ನು ಹೋಲಿಸುವವರಿಗೆ ಇದು ಬೇಕಾದದ್ದೇ. ಆದರೆ ಕೊಳವೆ ಬಾವಿಗೆಂದು ಸಾಲ ತರಲು ಹೊರಟ ತಾವು ಇದೊಂದನ್ನೇ ನಂಬಬಾರದು. ಕೆರೆಯ ಕೆಳಗಿನ ಬಾವಿಗೂ ದಿಣ್ಣೆಯ ಮೇಲಿನ ಬಾವಿಗೂ ಇಲ್ಲಿ ಒಂದೇ ಬಣ್ಣ. ಗಡಿ ದಾಟಿದೊಡನೆ ಬಣ್ಣ ಬದಲಾಗುತ್ತದೆ. ನೆಲದೊಳಗಿನ ನೀರಿಗೆ ಗಡಿಕಲ್ಲು ಎಲ್ಲಿಯದು?

ಊರೊಳಗಿನ ಸಂಗತಿಗೆ ಗುರುತಿನ ನಕ್ಷೆ ವಾಸಿ. 1854ರಲ್ಲಿ ಲಂಡನ್ ನಗರದ ಒಂದು ಭಾಗದಲ್ಲಿ ಕಾಲರಾ ಹಬ್ಬಿತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಬಹುಮಂದಿ ನಂಬಿದ್ದ ಕಾಲ ಅದು. ವೈದ್ಯ ಜಾನ್ ಸ್ನೋ ಎಂಬವರು ಸಾವಾದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ಒತ್ತಾಗಿ ಕಂಡವು. ರೋಗದ ಮೂಲ ನೀರೆಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು.

ಹಾಗೆಯೇ ತಮ್ಮ ಊರಿನ ಸರ್ವೆ ನಕ್ಷೆಯ ಪ್ರತಿಯೊಂದನ್ನು ತನ್ನಿರಿ. ಬೇಸಿಗೆಯಲ್ಲೂ ನೀರಿರುವ ಬಾವಿಗೆ ತುಂಬಿದ ಚುಕ್ಕೆ, ಬತ್ತಿದ್ದಕ್ಕೆ ಬರಿಯ ಸೊನ್ನೆ ಹಾಕಿರಿ. ವಿಫಲವಾದ ಕೊಳವೆ ಬಾವಿಗಳನ್ನೂ ಬಿಡಬೇಡಿರಿ. ಸೊನ್ನೆಗಳೇ ಗುಂಪಾಗಿರುವ ಕಡೆ ಇನ್ನೊಂದು ಕೊರೆಸುವ ಮುನ್ನ ಎರಡು ಸಲ ಯೋಚಿಸಬೇಕು.

ಆದರೆ ನೀರು ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂಬುದನ್ನು ಈ ನಕ್ಷೆ ಹೇಳಲಾರದು. ಅದಕ್ಕೆ ಗೆರೆಯ ಗ್ರಾಫು ಬೇಕು. ಒಂದು ತೆರೆದ ಬಾವಿಯನ್ನು ಆರಿಸಿಕೊಳ್ಳಿರಿ. ಮೋಟಾರು ಇಳಿಸಿದ ಕೊಳವೆ ಬಾವಿಯಲ್ಲಿ ಹಗ್ಗ ಸಿಕ್ಕಿಕೊಂಡೀತು. ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ, ಬೆಳಿಗ್ಗೆ ಪಂಪು ಹಾಕುವ ಮೊದಲು, ಕಟ್ಟೆಯ ಒಂದೇ ಜಾಗದಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನವರೆಗಿನ ಆಳ ಅಳೆಯಿರಿ. ಚೌಕುಳಿ ಹಾಳೆಯಲ್ಲಿ ಸೊನ್ನೆಯನ್ನು ಮೇಲಿಟ್ಟು, ಆಳವನ್ನು ಕೆಳಮುಖವಾಗಿ ಗುರುತಿಸಿ, ಚುಕ್ಕೆಗಳನ್ನು ಗೆರೆಯಿಂದ ಸೇರಿಸಿರಿ. ಆಗ ನೀರು ಇಳಿದಂತೆ ಗೆರೆಯೂ ಇಳಿಯುತ್ತದೆ.

ಓದುವಾಗ ಮೇ ತಿಂಗಳನ್ನು ಮೇ ತಿಂಗಳಿಗೇ ಹೋಲಿಸಬೇಕು. ಮಳೆಗಾಲ ಕಳೆದ ನವೆಂಬರಿನಲ್ಲಿ ಗೆರೆ ಏರಿತೆಂದು ಹಿಗ್ಗಿದರೆ ಮೋಸ. ಹಲವು ವರ್ಷಗಳ ಮೇ ಚುಕ್ಕೆಗಳು ಒಂದಕ್ಕಿಂತ ಒಂದು ಕೆಳಗೆ ಬೀಳುತ್ತಿದ್ದರೆ, ಇಂಗುವುದಕ್ಕಿಂತ ಎತ್ತುವುದು ಹೆಚ್ಚಾಗಿರಬಹುದು. ಮಳೆಯೇ ಕಡಿಮೆಯಾಗಿದೆಯೋ ಎಂಬುದನ್ನೂ ನೋಡಬೇಕು. ಬೇರೆಯವರು ಬರೆದ ಗ್ರಾಫಾದರೆ ಪಕ್ಕದ ಅಂಕಿಗಳನ್ನು ಮೊದಲು ಓದಿರಿ. ಅಂಕಿಗಳು ಸೊನ್ನೆಯ ಬದಲು 40 ಅಡಿಯಿಂದ ಮೊದಲಾಗಿದ್ದರೆ ಸಣ್ಣ ಇಳಿತವೂ ಪ್ರಪಾತದಂತೆ ಕಾಣುತ್ತದೆ.

ಮಳೆಗೆ ಮಾತ್ರ ಕಂಬದ ಗ್ರಾಫು. ಒಂದು ತಿಂಗಳ ಮಳೆ ಮತ್ತೊಂದರದಕ್ಕಿಂತ ಬೇರೆಯೇ ಆದ ಮೊತ್ತ; ನಡುವೆ ಗೆರೆ ಎಳೆದು ಫಲವಿಲ್ಲ. ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್ ಕಂಬಗಳು ಎತ್ತರವಾಗಿರುತ್ತವೆ. ವರ್ಷದ ಒಟ್ಟು ಮೊತ್ತ ಇದನ್ನು ಮುಚ್ಚಿಡುತ್ತದೆ. ಈ ಕಂಬಗಳನ್ನು ಬಾವಿಯ ಗೆರೆಯ ಕೆಳಗೆ, ತಿಂಗಳಿಗೆ ತಿಂಗಳು ಸರಿಯಾಗಿ ಜೋಡಿಸಿರಿ. ಆಗಸ್ಟ್ ಮತ್ತು ನವೆಂಬರಿನ ನಡುವೆ ವಾರಕ್ಕೊಮ್ಮೆ ಅಳೆದರೆ, ಮಳೆ ಬಿದ್ದ ಎಷ್ಟು ದಿನಕ್ಕೆ ಬಾವಿಯಲ್ಲಿ ನೀರೇರುತ್ತದೆ ಎಂಬುದೂ ತಿಳಿದೀತು.