ನಕಲು, ಪೈರಸಿ ಮತ್ತು ಅಕ್ರಮದ ಬಯಲು: ನಾಗರಿಕರ ಹಕ್ಕು ಮತ್ತು ಕಾನೂನಿನ ದಾರಿ

ಬೇರೊಬ್ಬರ ಕೃತಿಯನ್ನು ಅನುಮತಿಯಿಲ್ಲದೆ ನಕಲು ಮಾಡಿ ಹಂಚುವುದೂ, ಅಕ್ರಮವೊಂದಕ್ಕೆ ಸಾಕ್ಷಿಯಾದ ದಾಖಲೆಯನ್ನು ಹೊರಗೆ ತರುವುದೂ ಮೊಬೈಲ್‌ನಲ್ಲಿ ನಡೆಯುವಾಗ ಒಂದೇ ಬಗೆಯ ಕೆಲಸದಂತೆ ತೋರುತ್ತವೆ. ಆದರೆ ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಹಂಚಿದ್ದು ಯಾರ ಸ್ವತ್ತು, ಹಂಚಿದ ಉದ್ದೇಶವೇನು, ಯಾವ ದಾರಿಯಿಂದ ಯಾರ ಕೈಗೆ ತಲುಪಿಸಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಒಂದೇ ಕ್ರಿಯೆ ಅಪರಾಧವೂ ಆಗಬಹುದು, ಹಕ್ಕೂ ಆಗಬಹುದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಕನ್ನಡದ ಹಿರಿಯ ಸಾಹಿತಿಗಳ ಊರುಗಳೂ ಇವೆ, ಕಲ್ಲು ಗಣಿಗಾರಿಕೆಯಂಥ ವಿವಾದಗಳೂ ಇವೆ. ಆದ್ದರಿಂದ ಈ ಮೂರು ಪ್ರಶ್ನೆಗಳಿಗೆ ಬೇಕಾದ ಉದಾಹರಣೆಗಳೆಲ್ಲ ಇಲ್ಲಿಯೇ ದೊರೆಯುತ್ತವೆ.

ಹಕ್ಕುಸ್ವಾಮ್ಯ: ಏನು, ಎಷ್ಟು ಕಾಲ

ಹಕ್ಕುಸ್ವಾಮ್ಯ, ಅಂದರೆ ಕಾಪಿರೈಟ್, ಸಾಹಿತ್ಯ, ಸಂಗೀತ, ನಾಟಕ, ಚಿತ್ರ, ಚಲನಚಿತ್ರ, ಧ್ವನಿಮುದ್ರಣ ಮತ್ತು ಕಂಪ್ಯೂಟರ್ ತಂತ್ರಾಂಶಗಳ ಮೇಲೆ ಕರ್ತೃವಿಗೆ ಅಥವಾ ಅವನಿಂದ ಹಕ್ಕು ಪಡೆದವರಿಗೆ ಇರುವ ಹಕ್ಕು. ಕೃತಿಯನ್ನು ನಕಲು ಮಾಡುವ, ಪ್ರಕಟಿಸುವ, ಅನುವಾದಿಸುವ, ರೂಪಾಂತರಿಸುವ ಮತ್ತು ಸಾರ್ವಜನಿಕವಾಗಿ ಪ್ರಸಾರ ಮಾಡುವ ಅಧಿಕಾರಗಳೆಲ್ಲ ಇದರಲ್ಲಿ ಸೇರುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ರಚನೆಯಾದಾಗಲೇ ಈ ಹಕ್ಕು ಹುಟ್ಟುತ್ತದೆ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಣಿಯಾದ ಕೃತಿಯ ವಿವರವನ್ನು ನ್ಯಾಯಾಲಯವು ಮೇಲ್ನೋಟದ ಸಾಕ್ಷ್ಯವೆಂದು ಸ್ವೀಕರಿಸುವುದರಿಂದ, 14ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ನೋಂದಾಯಿಸಿಕೊಳ್ಳುವುದು ಮುಂದೆ ವ್ಯಾಜ್ಯ ಎದುರಾದಾಗ ನೆರವಾಗುತ್ತದೆ.

ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಜೀವಿತಕಾಲದುದ್ದಕ್ಕೂ, ಅವರು ತೀರಿಕೊಂಡ ವರ್ಷದ ನಂತರದ ಜನವರಿ 1ರಿಂದ 60 ವರ್ಷಗಳವರೆಗೂ ಉಳಿಯುತ್ತದೆ. ಮೊದಲು 50 ವರ್ಷವಿದ್ದ ಈ ಅವಧಿಯನ್ನು 1992ರ ತಿದ್ದುಪಡಿ 60ಕ್ಕೆ ಏರಿಸಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ನಿಧನರಾದದ್ದರಿಂದ ಅವರ ಕೃತಿಗಳ ಹಕ್ಕು 2006ರ ಕೊನೆಗೆ ತೀರಿತು. ಇಂದು ಅವುಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಜಾಲತಾಣಕ್ಕೆ ಏರಿಸಬಹುದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು 1998ರಲ್ಲಿ ತೀರಿಕೊಂಡರು, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 2003ರಲ್ಲಿ ತೀರಿಕೊಂಡರು. ಆದ್ದರಿಂದ ಅವರ ಕೃತಿಗಳ ಹಕ್ಕು ಕ್ರಮವಾಗಿ 2058 ಮತ್ತು 2063ರ ಕೊನೆಯವರೆಗೆ ಉಳಿದಿರುತ್ತದೆ. 1942ರಲ್ಲಿ ಪ್ರಕಟವಾದ ನರಸಿಂಹಸ್ವಾಮಿಯವರ ಕವನ ಸಂಕಲನ 'ಮೈಸೂರು ಮಲ್ಲಿಗೆ' ಮನೆಮನೆಯ ಮಾತಾಗಿದೆ ಎಂಬ ಕಾರಣಕ್ಕೆ ಅದರ ಪಿಡಿಎಫ್ ಪ್ರತಿಯನ್ನು ಹಂಚುವುದು ಸಕ್ರಮವಾಗುವುದಿಲ್ಲ. ಕೃತಿಯ ಜನಪ್ರಿಯತೆಗೂ ಅದರ ಒಡೆತನಕ್ಕೂ ಸಂಬಂಧವಿಲ್ಲ. ಆ ಸಂಕಲನದ ಕವಿತೆಯೊಂದು ಭಾವಗೀತೆಯಾಗಿ ಧ್ವನಿಮುದ್ರಣಗೊಂಡಿದ್ದರೆ ಸಾಲುಗಳ ಮೇಲಿನ ಹಕ್ಕು, ರಾಗಸಂಯೋಜನೆಯ ಮೇಲಿನ ಹಕ್ಕು ಮತ್ತು ಧ್ವನಿಮುದ್ರಣದ ಮೇಲಿನ ಹಕ್ಕು ಎಂದು ಮೂರು ಬೇರೆ ಬೇರೆ ಹಕ್ಕುಗಳು ಇರುತ್ತವೆ. ಶ್ರೀರಂಗಪಟ್ಟಣದ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಂಚಿ ಹೊನ್ನಮ್ಮನ ಕಾವ್ಯದಂಥ ಹಳೆಯ ಪಠ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ, ಆದರೆ ಈಚಿನ ಸಂಪಾದಕರು ಬರೆದ ಮುನ್ನುಡಿ ಮತ್ತು ಟಿಪ್ಪಣಿಗಳು ಅವರ ಸ್ವಂತ ಕೃತಿಗಳು.

ಪೈರಸಿ ಮತ್ತು ಶಿಕ್ಷೆ

ಹಕ್ಕುದಾರರ ಅನುಮತಿಯಿಲ್ಲದೆ ಕೃತಿಯನ್ನು ನಕಲು ಮಾಡಿ ಹಂಚುವುದಕ್ಕೆ ರೂಢಿಯಲ್ಲಿ ಪೈರಸಿ ಎನ್ನುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮಿನಂತೆ ತಿಳಿದೂ ಹಕ್ಕನ್ನು ಉಲ್ಲಂಘಿಸುವವರಿಗೆ ಅಥವಾ ಅದಕ್ಕೆ ಕುಮ್ಮಕ್ಕು ಕೊಡುವವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸವೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಉಲ್ಲಂಘನೆ ವ್ಯಾಪಾರದ ಲಾಭಕ್ಕಾಗಿ ನಡೆದಿಲ್ಲವಾದರೆ ನ್ಯಾಯಾಲಯವು ಕಾರಣ ದಾಖಲಿಸಿ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಇದು ಸಂಜ್ಞೇಯ, ಅಂದರೆ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪ್ರಕರಣ ದಾಖಲಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ 20ರಂದು ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ತೀರ್ಪು ನೀಡಿತು. ಚಿತ್ರಮಂದಿರದಲ್ಲಿ ಸಿನಿಮಾವನ್ನು ಅನುಮತಿಯಿಲ್ಲದೆ ಚಿತ್ರೀಕರಿಸಿದರೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಂತೆ ದಂಡವೇ 3 ಲಕ್ಷ ರೂಪಾಯಿಯಿಂದ ಆರಂಭವಾಗಿ, ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ. 5ರವರೆಗೆ ಹೋಗಬಹುದು.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಕಾನೂನಿದೆ. ಗೂಂಡಾ ಕಾಯ್ದೆ ಎಂದೇ ಹೆಸರಾದ 1985ರ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯು ವಿಡಿಯೊ ಮತ್ತು ಆಡಿಯೊ ಪೈರಸಿ ಮಾಡುವವರನ್ನೂ 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗವನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಇದು ಮುಂಜಾಗ್ರತಾ ಬಂಧನದ ಕಾಯ್ದೆಯಾದ್ದರಿಂದ ವಿಚಾರಣೆ ನಡೆದು ತಪ್ಪು ಸಾಬೀತಾಗುವ ಮೊದಲೇ, ಸಿದ್ಧತೆ ನಡೆಸುತ್ತಿದ್ದಾನೆ ಎಂಬ ಕಾರಣಕ್ಕೂ, ವ್ಯಕ್ತಿಯೊಬ್ಬನನ್ನು ಗರಿಷ್ಠ 12 ತಿಂಗಳವರೆಗೆ ಬಂಧನದಲ್ಲಿಡಲು ಅವಕಾಶವಿದೆ. ಅಂತರ್ಜಾಲದಲ್ಲಿ ಈ ತಿದ್ದುಪಡಿ ತೀವ್ರ ಟೀಕೆಗೆ ಗುರಿಯಾದದ್ದೂ ಈ ಕಾರಣದಿಂದಲೇ. ಆದರೆ ಡಿಜಿಟಲ್ ಅಪರಾಧಿಯ ವ್ಯಾಖ್ಯೆಯಲ್ಲಿ ಹಕ್ಕುಸ್ವಾಮ್ಯದ ಉಲ್ಲಂಘನೆಯು ವಾಣಿಜ್ಯ ಉದ್ದೇಶದ್ದಾಗಿರಬೇಕೆಂಬ ಷರತ್ತಿದೆ, ಆ ಕೃತ್ಯವು ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರುವಂಥದ್ದೂ ಆಗಿರಬೇಕು. ಬಂಧಿತನಿಗೆ ಬಂಧನದ ಕಾರಣಗಳನ್ನು 5 ದಿನಗಳೊಳಗೆ ತಿಳಿಸಬೇಕು. ಸರ್ಕಾರಕ್ಕೆ ಮನವಿ ಸಲ್ಲಿಸುವ ಮತ್ತು ಸಲಹಾ ಮಂಡಳಿಯ ಪರಿಶೀಲನೆ ಪಡೆಯುವ ಹಕ್ಕು ಅವನಿಗೆ ಸಂವಿಧಾನದ 22ನೆಯ ವಿಧಿಯಿಂದಲೇ ಬಂದದ್ದು.

ರಾಜಕೀಯ ಪಕ್ಷಗಳೂ ಹಕ್ಕುಸ್ವಾಮ್ಯದ ಕಾನೂನಿಗೆ ಹೊರತಲ್ಲ. 2022ರ ಅಕ್ಟೋಬರ್‌ನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಹಾದುಹೋದ ಭಾರತ್ ಜೋಡೋ ಯಾತ್ರೆಯ ಪ್ರಚಾರದ ವಿಡಿಯೊಗಳಲ್ಲಿ 'ಕೆಜಿಎಫ್ ಚಾಪ್ಟರ್ 2' ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರಿತು. ನಗರದ ವಾಣಿಜ್ಯ ನ್ಯಾಯಾಲಯವು ಅದೇ ನವೆಂಬರ್ 7ರಂದು ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್, ಆಕ್ಷೇಪಾರ್ಹ ಭಾಗವನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ರದ್ದುಪಡಿಸಿತು. ಉಲ್ಲಂಘನೆಯ ಆರೋಪವಿರುವ ತುಣುಕನ್ನು ತೆಗೆಸುವುದು ಬೇರೆ, ಇಡೀ ಖಾತೆಯ ಬಾಯಿ ಕಟ್ಟುವುದು ಬೇರೆ ಎಂಬುದು ಈ ಪ್ರಕರಣದಿಂದ ತಿಳಿಯುವ ಅಂಶ.

ಅನುಮತಿ ಬೇಡದ ಬಳಕೆಗಳು

ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅನುಮತಿಯಿಲ್ಲದೆ ಮಾಡಬಹುದಾದ ಬಳಕೆಗಳನ್ನು ಪಟ್ಟಿ ಮಾಡುತ್ತದೆ. ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗೆ ಮಿತವಾಗಿ ಬಳಸುವುದು ನ್ಯಾಯಯುತ ಬಳಕೆ ಎನಿಸುತ್ತದೆ. ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿಕೊಡುವುದಕ್ಕೆ ಸಂಬಂಧಿಸಿದಂತೆ ದೆಹಲಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಪ್ರಕಾಶಕರ ವಿರುದ್ಧ ತೀರ್ಪಿತ್ತಿತು. ಧಾರ್ಮಿಕ ಸಮಾರಂಭ, ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಲ್ಲಿ ಹಾಡು ನುಡಿಸಲು ಪರವಾನಗಿ ಬೇಕಿಲ್ಲ. ಆದರೆ ಅದೇ ಹಾಡಿರುವ ಮದುವೆಯ ವಿಡಿಯೊವನ್ನು ಜಾಲತಾಣಕ್ಕೆ ಏರಿಸುವುದನ್ನು ಈ ವಿನಾಯಿತಿ ಒಳಗೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯಾಲಯದ ನಡವಳಿಗಾಗಿ ಯಾವುದೇ ಕೃತಿಯ ಪ್ರತಿ ತೆಗೆಯುವುದು, ಕಾನೂನಿನಂತೆ ದೃಢೀಕೃತ ನಕಲು ಕೊಡುವುದು, ರಾಜ್ಯಪತ್ರ ಮತ್ತು ನ್ಯಾಯಾಲಯದ ತೀರ್ಪುಗಳನ್ನು ಮರುಮುದ್ರಿಸುವುದು ಉಲ್ಲಂಘನೆಯಲ್ಲ. ಅಕ್ರಮವನ್ನು ತೋರಿಸುವ ದಾಖಲೆಗೆ ಹಕ್ಕುಸ್ವಾಮ್ಯದ ಬೀಗ ಹಾಕಲು ಕಾಯ್ದೆಯು ಇಲ್ಲಿ ಜಾಗ ಬಿಟ್ಟಿಲ್ಲ.

ದೂರುವವರಿಗೆ ಮತ್ತು ದೂರಿಗೆ ಗುರಿಯಾದವರಿಗೆ

ತಮ್ಮ ಪುಸ್ತಕ, ಜನಪದ ಗಾಯನದ ಧ್ವನಿಮುದ್ರಣ ಅಥವಾ ಕಿರುಚಿತ್ರ ಬೇರೆಡೆ ಹರಿದಾಡುವುದನ್ನು ಕಂಡವರು ಮೊದಲು ಆ ಜಾಲತಾಣಕ್ಕೆ ಕೃತಿ, ಒಡೆತನ ಮತ್ತು ಕೊಂಡಿಯ ವಿವರಗಳಿರುವ ಲಿಖಿತ ದೂರು ಕಳಿಸಬೇಕು. 2013ರ ಕೃತಿಸ್ವಾಮ್ಯ ನಿಯಮಗಳಂತೆ ತಾಣವು 36 ಗಂಟೆಗಳಲ್ಲಿ ಕ್ರಮ ಕೈಗೊಂಡು 21 ದಿನಗಳವರೆಗೆ ಅದನ್ನು ತಡೆಹಿಡಿಯಬೇಕು, ಅಷ್ಟರೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ತಡೆ ತೆರವಾಗಬಹುದು. ಸಿವಿಲ್ ದಾವೆಯನ್ನು ಹಕ್ಕುದಾರರು ತಾವು ವಾಸಿಸುವ ಪ್ರದೇಶದ ಜಿಲ್ಲಾ ನ್ಯಾಯಾಲಯದಲ್ಲಿಯೇ ಹೂಡಲು ಕೃತಿಸ್ವಾಮ್ಯ ಕಾಯ್ದೆಯ 62ನೆಯ ಕಲಮು ಅವಕಾಶ ಕೊಡುವುದರಿಂದ, ಪ್ರತಿವಾದಿ ದೂರದ ಊರಿನಲ್ಲಿದ್ದಾನೆಂದು ಕೈಚೆಲ್ಲಬೇಕಿಲ್ಲ. ಕ್ರಿಮಿನಲ್ ದೂರನ್ನು ಪೊಲೀಸ್ ಠಾಣೆ ಸ್ವೀಕರಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೆಯ ಕಲಮಿನಂತೆ ಅದನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ, ಆಮೇಲೆ ಮ್ಯಾಜಿಸ್ಟ್ರೇಟರಿಗೂ ಸಲ್ಲಿಸಬಹುದು. ಆಧಾರವಿಲ್ಲದೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ನೋಟಿಸು ಕಳಿಸಿ ಬೆದರಿಸುವವರ ವಿರುದ್ಧ ಕೃತಿಸ್ವಾಮ್ಯ ಕಾಯ್ದೆಯ 60ನೆಯ ಕಲಮಿನಡಿ ದಾವೆ ಹೂಡಿ ತಡೆಯಾಜ್ಞೆಯನ್ನೂ ನಷ್ಟ ಪರಿಹಾರವನ್ನೂ ಕೇಳುವ ಹಕ್ಕು ನಾಗರಿಕರಿಗಿದೆ. ವರದಿ, ಟೀಕೆಗಳ ಬಾಯಿ ಮುಚ್ಚಿಸಲು ಇಂಥ ನೋಟಿಸು ಬಂದಾಗ ಇದು ನೆನಪಿರಬೇಕು.

ಸರ್ಕಾರಿ ಕಡತ ಕೇಳುವ ದಾರಿ

ಅಕ್ರಮವನ್ನು ಬಯಲಿಗೆಳೆಯಲು ದಾಖಲೆ ಬೇಕು, ಮತ್ತು ಅದನ್ನು ಪಡೆಯುವ ಸುರಕ್ಷಿತ ದಾರಿಯೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ಕಲ್ಲು ಗಣಿಗಾರಿಕೆಯನ್ನು ಉದಾಹರಣೆಯಾಗಿ ನೋಡಬಹುದು. ಕೃಷ್ಣರಾಜಸಾಗರ ಅಣೆಕಟ್ಟೆಗೆ ಸ್ಫೋಟಗಳಿಂದ ಅಪಾಯವಿದೆಯೆಂಬ ಆತಂಕ 2018ರಲ್ಲಿ ಭಾರಿ ಸದ್ದು ಮತ್ತು ಕಂಪನ ದಾಖಲಾದ ಮೇಲೆ ಹೆಚ್ಚಿತು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಚ್ಚರಿಕೆ ನೀಡಿತು, ರೈತರು ಹೋರಾಟಕ್ಕಿಳಿದರು; 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಅದರ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿರ್ಬಂಧಿಸಿತು. ಇಂಥ ಪ್ರದೇಶದಲ್ಲಿ ಗುತ್ತಿಗೆಯ ನಕ್ಷೆ, ಸ್ಫೋಟಕ್ಕೆ ಕೊಟ್ಟ ಅನುಮತಿ, ರಾಜಧನ ಪಾವತಿಯ ವಿವರಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಿಂದ ಕೇಳಿ ಪಡೆಯಬಹುದು. ಕರ್ನಾಟಕದಲ್ಲಿ ಅರ್ಜಿಗೆ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಮಿತಿಗೆ ಒಳಪಟ್ಟಿರಬೇಕು, ಕಾರಣ ಹೇಳಬೇಕಿಲ್ಲ, 30 ದಿನಗಳಲ್ಲಿ ಉತ್ತರ ಬರಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು.

ಈ ಕಾಯ್ದೆಯ 9ನೆಯ ಕಲಮಿನಲ್ಲಿ ಹಕ್ಕುಸ್ವಾಮ್ಯದ ಪ್ರಸ್ತಾಪವಿದೆ: ಸರ್ಕಾರವನ್ನು ಬಿಟ್ಟು ಬೇರೆಯವರ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಾಗುವಾಗ ಮಾತ್ರ ಅಧಿಕಾರಿ ಮಾಹಿತಿಯನ್ನು ನಿರಾಕರಿಸಬಹುದು. ಅಂದರೆ ಸರ್ಕಾರವು ತನ್ನದೇ ವರದಿಗೆ ಹಕ್ಕುಸ್ವಾಮ್ಯದ ನೆಪ ಒಡ್ಡುವಂತಿಲ್ಲ. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿಸ್ತರಿಸಿದ್ದರೂ, ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆನ್ನುವ, ಮಾಹಿತಿ ಹಕ್ಕು ಕಾಯ್ದೆಯ 8(2)ನೆಯ ಕಲಮು ಹಾಗೆಯೇ ಉಳಿದಿದೆ. ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ ಕೇಳುವುದು ಒಳಿತು.

ಅಕ್ರಮ ಬಯಲಿಗೆಳೆಯುವವರ ದೂರು ಮತ್ತು ರಕ್ಷಣೆ

ತಾವಿರುವ ಕಚೇರಿ ಅಥವಾ ಸಂಸ್ಥೆಯೊಳಗಿನ ಅಕ್ರಮವನ್ನು ಹೊರಗೆಡಹುವವರನ್ನು ವಿಷಲ್ ಬ್ಲೋವರ್ ಎಂದು ಕರೆಯುವ ರೂಢಿ ಕನ್ನಡದಲ್ಲಿಯೂ ಬೆಳೆದಿದೆ. ಇದರ ಅಪಾಯ ಕನ್ನಡಿಗರಿಗೆ ಹೊಸದಲ್ಲ: ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ, ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ಇಂಧನ ಕಲಬೆರಕೆಯನ್ನು ತಡೆಯಲು ಹೋಗಿ 2005ರಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದರು, ಸಹಕಾರ ಲೆಕ್ಕಪರಿಶೋಧನಾ ಇಲಾಖೆಯ ಅಧಿಕಾರಿ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಇಂಥವರ ರಕ್ಷಣೆಗೆಂದು ಸಂಸತ್ತು ಒಪ್ಪಿದ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿಯ ಅಂಕಿತ ಬಿದ್ದರೂ ಜಾರಿಯ ಅಧಿಸೂಚನೆ ಹೊರಡದೆ ಅದು ಕಾಗದದ ಮೇಲೆಯೇ ಉಳಿದಿದೆ. ಆದ್ದರಿಂದ ಸದ್ಯಕ್ಕೆ ಚಾಲ್ತಿಯಲ್ಲಿರುವ ದಾರಿಗಳನ್ನೇ ಬಳಸಿಕೊಳ್ಳಬೇಕು.

ಅಂಚೆ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕ್, ಹೆದ್ದಾರಿ ಪ್ರಾಧಿಕಾರಗಳಂಥ ಕೇಂದ್ರದ ಸಂಸ್ಥೆಗಳ ಭ್ರಷ್ಟಾಚಾರದ ದೂರು ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಸಾರ್ವಜನಿಕ ಹಿತದ ಬಹಿರಂಗಪಡಿಸುವಿಕೆ ಮತ್ತು ಮಾಹಿತಿದಾರರ ರಕ್ಷಣೆ (ಪಿಐಡಿಪಿಐ) ಕುರಿತ 2004ರ ಏಪ್ರಿಲ್ 21ರ ಸರ್ಕಾರಿ ನಿರ್ಣಯದಂತೆ ದೂರುದಾರರ ಗುರುತನ್ನು ಆಯೋಗವು ಗುಟ್ಟಾಗಿಡುತ್ತದೆ. ಮುಚ್ಚಿದ ಲಕೋಟೆಯ ಮೇಲೆ ಅದು ಪಿಐಡಿಪಿಐ ದೂರು ಎಂದು ಬರೆದಿರಬೇಕು, ಲಕೋಟೆಯ ಹೊರಗೆ ಹೆಸರು ಇರಬಾರದು, ಆದರೆ ಒಳಗಿನ ಪತ್ರದಲ್ಲಿ ಹೆಸರು ಮತ್ತು ವಿಳಾಸ ಇರಲೇಬೇಕು, ಏಕೆಂದರೆ ಅನಾಮಧೇಯ ದೂರುಗಳನ್ನು ಆಯೋಗ ಪರಿಗಣಿಸುವುದಿಲ್ಲ. ಗ್ರಾಮ ಪಂಚಾಯಿತಿ, ಕಂದಾಯ, ಗಣಿ ಇಲಾಖೆಗಳಂಥ ರಾಜ್ಯದ ಕಚೇರಿಗಳ ವಿರುದ್ಧದ ದೂರು ಕರ್ನಾಟಕ ಲೋಕಾಯುಕ್ತಕ್ಕೆ ಸೇರಿದ್ದು. ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ಅದನ್ನು ಸಲ್ಲಿಸಬೇಕು. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಪಡಿಸಿದ ಮೇಲೆ ಲಂಚದ ಪ್ರಕರಣಗಳ ತನಿಖೆಯೂ ಲೋಕಾಯುಕ್ತ ಪೊಲೀಸರಿಗೇ ಮರಳಿದೆ. ಅಕ್ರಮ ಗಣಿಗಾರಿಕೆಯ ದೂರನ್ನು ಗಣಿ ಇಲಾಖೆಗೂ ಲಿಖಿತವಾಗಿ ಕೊಡುವುದು ಅಗತ್ಯ, ಏಕೆಂದರೆ 1957ರ ಗಣಿ ಕಾಯ್ದೆಯ 22ನೆಯ ಕಲಮಿನಂತೆ ಅಧಿಕೃತ ಅಧಿಕಾರಿಯ ದೂರಿಲ್ಲದೆ ನ್ಯಾಯಾಲಯವು ಆ ಕಾಯ್ದೆಯಡಿಯ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳಲಾಗದು.

ಫೋಟೊ, ವಿಡಿಯೊಗಳನ್ನು ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕಾದರೆ ಮೂಲ ಕಡತವನ್ನು ಕತ್ತರಿಸದೆ, ಅದು ದಾಖಲಾದ ಸಾಧನದೊಂದಿಗೇ ಇಟ್ಟುಕೊಳ್ಳಬೇಕು; ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ತನಿಖಾ ಸಂಸ್ಥೆಗೆ ಕೊಡುವ ಮೊದಲೇ ಅವುಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರೆ ದೂರುದಾರರ ಗುರುತು ಬಯಲಾಗುತ್ತದೆ, ಆರೋಪಿಗೆ ಸಾಕ್ಷ್ಯ ಅಳಿಸಲು ಸಮಯ ಸಿಗುತ್ತದೆ, ಮಾನನಷ್ಟದ ಮೊಕದ್ದಮೆಗೂ ದಾರಿಯಾಗುತ್ತದೆ. ಜೀವ ಬೆದರಿಕೆ ಬಂದರೆ ಮೊದಲು ಪೊಲೀಸ್ ದೂರು ದಾಖಲಿಸಬೇಕು. ಗಂಭೀರ ಅಪರಾಧಗಳ ಸಾಕ್ಷಿಗಳಾದವರು, ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಕಾನೂನಿನ ಬಲ ಕೊಟ್ಟ ಸಾಕ್ಷಿ ಸಂರಕ್ಷಣಾ ಯೋಜನೆಯಡಿ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸ್ಥಾಯಿ ಸಮಿತಿಗೆ ಅರ್ಜಿ ಸಲ್ಲಿಸಿ ರಕ್ಷಣೆ ಕೋರಬಹುದು.

ಈ ಯಾವುದೇ ಹಂತದಲ್ಲಿ ವಕೀಲರ ನೆರವು ಬೇಕಾದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಈ ನೆರವು ಉಚಿತ. ಕವಿಯ ದುಡಿಮೆಯನ್ನು ಕಾಯುವ ಕಾನೂನೂ ಸಾರ್ವಜನಿಕ ಸ್ವತ್ತಿನ ಲೂಟಿಯನ್ನು ಬಯಲಿಗೆಳೆಯುವವರನ್ನು ಕಾಯಬೇಕಾದ ಕಾನೂನೂ ಪರಸ್ಪರ ವಿರೋಧಿಗಳಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮುರಿಯಲು ಹೊರಟಾಗ ಮಾತ್ರ ಅವು ಎದುರುಬದುರಾಗುತ್ತವೆ. ಹಂಚುವ ಮುನ್ನ ಒಡೆತನವನ್ನು ವಿಚಾರಿಸುವ, ಬಯಲಿಗೆ ತರುವ ಮುನ್ನ ಸರಿಯಾದ ಕಚೇರಿಯನ್ನು ಹುಡುಕುವ ನಾಗರಿಕರಿಗೆ ಎರಡೂ ಕಾನೂನುಗಳು ಒದಗಿಬರುತ್ತವೆ.